ಟಿ. ಕೆ. ಚಂದ್ರಶೇಖರ್ ಮತ್ತು ಹಿಗ್ಗಿದ ಪಾರ್ಫಿರಿನ್‌ಗಳ ರಸಾಯನವಿಜ್ಞಾನ

ಚಂದ್ರಶೇಖರ್, ಟಿ. ಕೆ. (ಜನನ 1956): ಹಿಗ್ಗಿದ ಪಾರ್ಫಿರಿನ್‌ಗಳೆಂಬ ದೊಡ್ಡ ವರ್ತುಲಾಕಾರದ ಬಣ್ಣದ ಅಣುಗಳನ್ನು ಕಟ್ಟುವ ಕೆಲಸದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದ ಕರ್ನಾಟಕ ಮೂಲದ ರಸಾಯನವಿಜ್ಞಾನಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಮಾಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1982ರಲ್ಲಿ ಪಿಎಚ್‌.ಡಿ. ಪಡೆದರು. ಅಮೆರಿಕದಲ್ಲಿ ಕೆಲಕಾಲ ಸಂಶೋಧನೆ ನಡೆಸಿ, 1986ರಲ್ಲಿ ಕಾನ್ಪುರದ ಐಐಟಿಗೆ ಅಧ್ಯಾಪಕರಾಗಿ ಬಂದರು. 2001ರಲ್ಲಿ ರಸಾಯನವಿಜ್ಞಾನ ವಿಭಾಗದ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಮುಂದೆ ತಿರುವನಂತಪುರದ ಪ್ರಾದೇಶಿಕ ಸಂಶೋಧನಾಲಯದ ನಿರ್ದೇಶಕರಾಗಿ, ಭುವನೇಶ್ವರದ ರಾಷ್ಟ್ರೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿ, ಬಳಿಕ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ಆಡಳಿತದ ಹುದ್ದೆಗಳು ದೊಡ್ಡವೇ. ಆದರೂ ಅವರ ಹೆಸರು ಉಳಿದಿರುವುದು ಕಾನ್ಪುರದ ಪ್ರಯೋಗಾಲಯದಲ್ಲಿ ಹರಳಾಗಿ ನಿಂತ ಅಣುಗಳಿಂದ, ಆ ಅಣುಗಳನ್ನು ಕಟ್ಟುತ್ತಲೇ ಬೆಳೆದ ಶಿಷ್ಯರಿಂದ.

ಪಾರ್ಫಿರಿನ್ ಎಂದರೇನು

ಈ ಅಣುವನ್ನು ನೋಡಲು ಸಂಶೋಧನಾಲಯಕ್ಕೇ ಹೋಗಬೇಕಾಗಿಲ್ಲ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿಗೆ ಹತ್ತಿರದಲ್ಲೇ, ಶಿವಾಜಿನಗರದಲ್ಲಿ, ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಇದೆ. ಇಂಥ ಯಾವುದೇ ಆಸ್ಪತ್ರೆಯ ರಕ್ತಪರೀಕ್ಷೆಯ ಚೀಟಿಯಲ್ಲಿ ಮೊದಲ ಸಾಲುಗಳಲ್ಲೇ ಹಿಮೋಗ್ಲೋಬಿನ್ ಪ್ರಮಾಣ ಇರುತ್ತದೆ. ದಶಕಗಳ ಕಾಲ ಎಲ್ಲೆಡೆ ಬಳಕೆಯಲ್ಲಿದ್ದ ಡ್ರಾಬ್ಕಿನ್ ವಿಧಾನದಲ್ಲಿ ರಕ್ತದ ಹನಿಯನ್ನು ಫೆರಿಸೈಯನೈಡ್ ಮತ್ತು ಸೈಯನೈಡ್ ಇರುವ ದ್ರಾವಣಕ್ಕೆ ಹಾಕಿ, ಅದು 540 ನ್ಯಾನೊಮೀಟರ್ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುತ್ತಿದ್ದರು. ಅಲ್ಲಿ ಬೆಳಕನ್ನು ಹೀರುತ್ತಿದ್ದುದು ಹಿಮೋಗ್ಲೋಬಿನ್‌ನೊಳಗಿನ ಹೀಮ್. ಹೀಮ್ ಎಂದರೆ ನಡುವೆ ಕಬ್ಬಿಣ ಕೂತಿರುವ ಪಾರ್ಫಿರಿನ್. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಗಳಲ್ಲಿ ಸಿಗುವ ಹಲವು ಹತ್ತಿ ಬಟ್ಟೆಗಳ ಪಚ್ಚೆನೀಲಿಯೂ, ಅಂಗಡಿಯವರು ಕೊಡುವ ಅಚ್ಚು ಹಾಕಿದ ಚೀಲದ ತಿಳಿನೀಲಿ ಶಾಯಿಯೂ ಬಹುಮಟ್ಟಿಗೆ ತಾಮ್ರದ ಥ್ಯಾಲೊಸಯನಿನ್ ಬಣ್ಣಗಳೇ. ಥ್ಯಾಲೊಸಯನಿನ್ ಪಾರ್ಫಿರಿನ್‌ನ ಹತ್ತಿರದ ಬಂಧು. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಬಣ್ಣದ ಕಾರ್ಖಾನೆಯೊಂದರಲ್ಲಿ, ಬೇರೆ ರಾಸಾಯನಿಕ ತಯಾರಿಸುವಾಗ ಪಾತ್ರೆಯಲ್ಲಿ ನೀಲಿ ಕಲ್ಮಶವಾಗಿ ಕಂಡ ಈ ವಸ್ತು ಮುಂದೆ ಜಗತ್ತಿನ ಮುದ್ರಣ ಶಾಯಿಯ ಮುಖ್ಯ ನೀಲಿಯಾಯಿತು.

ರಚನೆ ಹೀಗಿದೆ. ನಾಲ್ಕು ಇಂಗಾಲ, ಒಂದು ಸಾರಜನಕ ಸೇರಿದ ಐದರ ಸಣ್ಣ ವರ್ತುಲಕ್ಕೆ ಪಿರೋಲ್ ಎಂದು ಹೆಸರು. ಇಂಥ ನಾಲ್ಕು ಪಿರೋಲ್‌ಗಳನ್ನು ನಾಲ್ಕು ಇಂಗಾಲದ ಪರಮಾಣುಗಳು ಸುತ್ತಲೂ ಬೆಸೆದರೆ ಪಾರ್ಫಿರಿನ್ ಆಗುತ್ತದೆ. ಬೆಸುಗೆಯ ಈ ಇಂಗಾಲಗಳ ಸ್ಥಾನಕ್ಕೆ ಮೀಸೊ ಎನ್ನುತ್ತಾರೆ. ನಾಲ್ಕು ಸಾರಜನಕಗಳೂ ಒಳಮುಖವಾಗಿರುತ್ತವೆ. ಕೇಂದ್ರದಿಂದ ಅವುಗಳಿಗೆ ಸುಮಾರು 2 ಆಂಗ್‌ಸ್ಟ್ರಾಂ ದೂರ. ಅಕ್ಕಸಾಲಿಗರು ಉಂಗುರದಲ್ಲಿ ಹರಳು ಕೂರಿಸುವ ಹಾಗೆ ಆ ಜಾಗದಲ್ಲಿ ಲೋಹದ ಪರಮಾಣು ಕೂರುತ್ತದೆ. ಕಬ್ಬಿಣವಿದ್ದರೆ ರಕ್ತದ ಹೀಮ್. ಸ್ವಲ್ಪ ಮಾರ್ಪಟ್ಟ ವರ್ತುಲದಲ್ಲಿ ಮೆಗ್ನೀಸಿಯಂ ಇದ್ದರೆ ಎಲೆಯ ಕ್ಲೋರೊಫಿಲ್. ಒಂದು ಕಡೆ ಕುಗ್ಗಿದ ಕಾರಿನ್ ವರ್ತುಲದಲ್ಲಿ ಕೋಬಾಲ್ಟ್ ಇದ್ದರೆ ಬಿ-12 ಜೀವಸತ್ವ.

ವರ್ತುಲದ ಸುತ್ತ ತಡೆಯಿಲ್ಲದೆ ಹರಡಿಕೊಂಡಿರುವ 18 ಪೈ ಎಲೆಕ್ಟ್ರಾನ್‌ಗಳು ಇದರ ಸ್ವಭಾವವನ್ನು ನಿರ್ಧರಿಸುತ್ತವೆ. ಹ್ಯೂಕೆಲ್ ನಿಯಮದಂತೆ ಇಂಥ ಎಣಿಕೆ ಇರುವ ಸಮತಲ ವರ್ತುಲ ಆರೋಮ್ಯಾಟಿಕ್, ಅಂದರೆ ವಿಶೇಷ ಸ್ಥಿರತೆಯುಳ್ಳದ್ದು. 400 ನ್ಯಾನೊಮೀಟರ್ ಆಸುಪಾಸಿನಲ್ಲಿ ಇವು ಬೆಳಕನ್ನು ಅತ್ಯಂತ ಗಾಢವಾಗಿ ಹೀರುತ್ತವೆ. 1883ರಲ್ಲಿ ಇದನ್ನು ಗುರುತಿಸಿದ ಸೋರೆಯ ಹೆಸರಿನಿಂದ ಅದು ಸೋರೆ ಪಟ್ಟಿಯಾಗಿದೆ. 500ರಿಂದ 650 ನ್ಯಾನೊಮೀಟರ್ ನಡುವೆ ಇನ್ನೂ ಕೆಲವು ದುರ್ಬಲ ಪಟ್ಟಿಗಳಿವೆ. ಅತಿನೇರಳೆ ದೀಪದಡಿ ಹಿಡಿದರೆ ಲೋಹವಿಲ್ಲದ ಪಾರ್ಫಿರಿನ್ ದ್ರಾವಣ ಕೆಂಡದ ಕೆಂಪಾಗಿ ಹೊಳೆಯುತ್ತದೆ.

ಇಷ್ಟು ದೊಡ್ಡ ವರ್ತುಲ ಪ್ರಕೃತಿಯಲ್ಲಿ ಇರಬಹುದೆಂದು 1912ರಲ್ಲಿ ಕ್ಯೂಸ್ಟರ್ ಸೂಚಿಸಿದಾಗ ಅದನ್ನು ನಂಬಿದವರು ಕಡಿಮೆ. ಹಾನ್ಸ್ ಫಿಶರ್ ಹೀಮಿನ್ ಅನ್ನು ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿ 1930ರಲ್ಲಿ ನೊಬೆಲ್ ಪಡೆದ ಮೇಲೆ ಅನುಮಾನ ತೀರಿತು. ಈ ಅಣುಕುಟುಂಬಕ್ಕೆ ಸಂದ ನೊಬೆಲ್‌ಗಳು ಹಲವು: ಕ್ಲೋರೊಫಿಲ್‌ಗಾಗಿ ವಿಲ್‌ಸ್ಟೇಟರ್ (1915), ಹಿಮೋಗ್ಲೋಬಿನ್ ಮತ್ತು ಮಯೋಗ್ಲೋಬಿನ್ ರಚನೆಗಾಗಿ ಪೆರುಟ್ಜ್ ಹಾಗೂ ಕೆಂಡ್ರ್ಯೂ (1962), ಬಿ-12ರ ರಚನೆಯೂ ಸೇರಿದಂತೆ ಎಕ್ಸ್-ಕಿರಣ ಕೆಲಸಕ್ಕಾಗಿ ಡೊರೊಥಿ ಹಾಜ್‌ಕಿನ್ (1964). ಬಿ-12ರ ಸಹಕಿಣ್ವದಲ್ಲಿ ಕೋಬಾಲ್ಟ್ ನೇರವಾಗಿ ಇಂಗಾಲಕ್ಕೆ ಬೆಸೆದುಕೊಂಡಿರುವುದು 1961ರಲ್ಲಿ ಖಚಿತವಾಯಿತು. ಲೋಹ ಮತ್ತು ಇಂಗಾಲದ ನಡುವೆ ನೇರ ಬಂಧವಿರುವ ವಸ್ತುಗಳ ಅಧ್ಯಯನವೇ ಆರ್ಗ್ಯಾನೊಮೆಟಾಲಿಕ್ ರಸಾಯನವಿಜ್ಞಾನ. ಪಾರ್ಫಿರಿನ್ ವಿದ್ಯೆಯೂ ಆರ್ಗ್ಯಾನೊಮೆಟಾಲಿಕ್ ವಿದ್ಯೆಯೂ ಕೈ ಸೇರಿಸುವುದು ಇಲ್ಲಿ.

ಬೆಂಗಳೂರಿನ ಪರಂಪರೆ

ಪ್ರಯೋಗಾಲಯದಲ್ಲಿ ಪಾರ್ಫಿರಿನ್ ತಯಾರಿಕೆ ಸುಲಭವಾದದ್ದು ಹಂತಹಂತವಾಗಿ. 1935ರಲ್ಲಿ ರೋಥಮಂಡ್ ಪಿರೋಲ್ ಹಾಗೂ ಆಲ್ಡಿಹೈಡನ್ನು ಮುಚ್ಚಿದ ಕೊಳವೆಯಲ್ಲಿಟ್ಟು ಕಾಯಿಸಿ ಅಲ್ಪಸ್ವಲ್ಪ ಪಡೆದರು. 1967ರಲ್ಲಿ ಆಡ್ಲರ್ ಮತ್ತು ಲಾಂಗೊ ತಂಡ ಕುದಿಯುವ ಪ್ರೊಪಿಯಾನಿಕ್ ಆಮ್ಲದಲ್ಲಿ ಅರ್ಧ ಗಂಟೆಯಲ್ಲಿ ಇದನ್ನು ಮಾಡಿ ತೋರಿಸಿತು. ಪಿರೋಲ್ ಗಾಳಿ ಬೆಳಕು ತಾಗಿದರೆ ಕಪ್ಪಾಗುವ ದ್ರವ. ಅದನ್ನು ಆಗಿಂದಾಗ ಬಟ್ಟಿ ಇಳಿಸಿ, ಬೆಂಜಾಲ್ಡಿಹೈಡ್ ಜತೆ ಕುದಿಯುವ ಆಮ್ಲಕ್ಕೆ ಹಾಕಿದರೆ ಪಾತ್ರೆ ಟಾರಿನಂತಾಗುತ್ತದೆ. ತಣ್ಣಗಾದ ಮೇಲೆ ಸೋಸಿ ಮೆಥನಾಲ್‌ನಲ್ಲಿ ತೊಳೆದರೆ ಸೋಸುಕಾಗದದ ಮೇಲೆ ಮಿರುಗುವ ನೇರಳೆ ಹರಳುಗಳು ಉಳಿಯುತ್ತವೆ. ಹಾಕಿದ್ದರಲ್ಲಿ ಐದನೇ ಒಂದು ಪಾಲು ಸಿಕ್ಕರೆ ಅದೇ ಒಳ್ಳೆಯ ಫಲ. 1987ರಲ್ಲಿ ಲಿಂಡ್ಸೆ ಕೋಣೆಯ ಉಷ್ಣತೆಯಲ್ಲೇ ಮಾಡುವ ಇನ್ನೂ ಹಿತವಾದ ವಿಧಾನ ಕೊಟ್ಟರು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಗೆ ಬೇರು ಬಿಡಿಸಿದವರು ಪ್ರೊ. ವಿ. ಕೃಷ್ಣನ್. ಪಾರ್ಫಿರಿನ್‌ನ ಅಂಚಿಗೆ ಬೇರೆ ಗುಂಪುಗಳನ್ನು ತೊಡಿಸಿ ಅದರ ನಡತೆಯನ್ನು ಬೇಕಾದಂತೆ ತಿದ್ದುವುದು ಅವರ ತಂಡದ ದಾರಿ. 1982ರಲ್ಲಿ ವಿ. ತನಬಾಲ್ ಜತೆ ಪ್ರಕಟಿಸಿದ ಪ್ರಬಂಧದಲ್ಲಿ ಪಾರ್ಫಿರಿನ್‌ನ ಸುತ್ತ ಅಯಾನು ಹಿಡಿಯುವ ವರ್ತುಲಗಳಾದ ಕ್ರೌನ್ ಈಥರ್‌ಗಳನ್ನು ಬೆಸೆದು, ಪೊಟಾಸಿಯಂನಂಥ ಅಯಾನುಗಳನ್ನು ಸೇರಿಸಿದಾಗ ಎರಡು ಪಾರ್ಫಿರಿನ್‌ಗಳು ಎದುರುಬದುರಾಗಿ ಜೋಡಿಯಾಗುವುದನ್ನು ತೋರಿಸಿದರು. 1991ರಲ್ಲಿ ಪಿ. ಭೈರಪ್ಪ ಜತೆ ಎಂಟು ಬ್ರೋಮಿನ್ ಪರಮಾಣುಗಳನ್ನು ವರ್ತುಲದ ಅಂಚಿಗೆ ಕೂಡಿಸಿದ ಟೆಟ್ರಾಫಿನೈಲ್ ಪಾರ್ಫಿರಿನ್‌ಗಳ ವಿವರ ಕೊಟ್ಟರು. ಅಷ್ಟು ಬ್ರೋಮಿನ್‌ಗೆ ಜಾಗ ಸಾಲದೆ ಚಪ್ಪಟೆ ವರ್ತುಲ ಬಾಗುತ್ತದೆ, ಎಲೆಕ್ಟ್ರಾನ್ ಸ್ವೀಕರಿಸುವ ಗುಣವೂ ಹೆಚ್ಚುತ್ತದೆ. ಉತ್ಕರ್ಷಣೆಗೆ ಗಟ್ಟಿ ಕ್ರಿಯಾವರ್ಧಕ ಹುಡುಕುತ್ತಿದ್ದವರು ಆ ಪ್ರಬಂಧವನ್ನು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದ ಬಿ. ಜಿ. ಮಯ್ಯ ಕೂಡ ಇದೇ ಗರಡಿಯವರು.

ಚಂದ್ರಶೇಖರ್ ಡಾಕ್ಟರೇಟ್ ಮಾಡಿದ್ದು ಕೃಷ್ಣನ್ ಅವರ ಬಳಿ. ಲೋಹದ ಪಾರ್ಫಿರಿನ್‌ಗಳು ನೈಟ್ರೋ ಗುಂಪುಳ್ಳ ಆರೋಮ್ಯಾಟಿಕ್ ಅಣುಗಳೊಡನೆ ಒಂದರ ಮೇಲೊಂದು ಕೂತು ಎಲೆಕ್ಟ್ರಾನ್ ಹಂಚಿಕೊಳ್ಳುವ ಬಗೆ ಆಗಿನ ಅವರ ವಿಷಯ. ಬಳಿಕ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲೂ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಬ್ಯಾಬ್‌ಕಾಕ್ ಜತೆಗೂ ದ್ಯುತಿಸಂಶ್ಲೇಷಣೆಗೆ ಸಂಬಂಧಿಸಿದ ಅನುರಣನ ರೋಹಿತಗಳನ್ನು ಅಭ್ಯಸಿಸಿದರು. ರೋಹಿತವನ್ನು ಓದುವ ಈ ಪಳಗಿಕೆ ಮುಂದೆ ಅವರಿಗೆ ತುಂಬ ಒದಗಿ ಬಂತು.

ಹಿಗ್ಗಿದ ವರ್ತುಲಗಳು

ಪಾರ್ಫಿರಿನ್‌ನಲ್ಲಿ ನಾಲ್ಕರ ಬದಲು ಐದು, ಆರು, ಎಂಟು ಸಣ್ಣ ವರ್ತುಲಗಳನ್ನು ಸೇರಿಸಿದರೆ ಹಿಗ್ಗಿದ ಪಾರ್ಫಿರಿನ್ ಆಗುತ್ತದೆ. ಮೊದಲನೆಯದು ಆಕಸ್ಮಿಕವಾಗಿ ಸಿಕ್ಕಿತು. ಬಿ-12ರ ಸಂಶ್ಲೇಷಣೆಯ ಹಾದಿಯಲ್ಲಿದ್ದ ವುಡ್‌ವರ್ಡ್ ತಂಡಕ್ಕೆ ಅನಿರೀಕ್ಷಿತವಾಗಿ ನೀಲಿ-ಹಸುರು ವಸ್ತುವೊಂದು ದೊರೆಯಿತು. ಐದು ಪಿರೋಲ್, 22 ಪೈ ಎಲೆಕ್ಟ್ರಾನ್. ನೀಲದ ಹೆಸರಿನಿಂದ ಅದನ್ನು ಸಫೈರಿನ್ ಎಂದು ಕರೆದು 1966ರಲ್ಲಿ ವಿಷಯವನ್ನು ಬಹಿರಂಗಪಡಿಸಿದರು. ಪಚ್ಚೆಯಿಂದ ಸ್ಮಾರಗ್ಡೈರಿನ್ ಬಂತು; ಮಾಣಿಕ್ಯದಿಂದ ರೂಬೈರಿನ್ ಬಂದದ್ದು ಬಹಳ ತಡವಾಗಿ. ಆದರೆ ಎರಡು ದಶಕಗಳ ಕಾಲ ಈ ಕ್ಷೇತ್ರ ಹೆಚ್ಚುಕಡಿಮೆ ಮಲಗಿತ್ತು. ಕಚ್ಚಾವಸ್ತು ತಯಾರಿಸಲೇ ಹತ್ತಾರು ಹಂತಗಳ ಶ್ರಮ ಬೇಕಿತ್ತು. ಸ್ಮಾರಗ್ಡೈರಿನ್ ಆಮ್ಲಕ್ಕೂ ಬೆಳಕಿಗೂ ತಾಳದೆ ಒಡೆದು ಹೋಗುತ್ತಿತ್ತು. 1980ರ ದಶಕದ ಕೊನೆಗೆ ಟೆಕ್ಸಾಸಿನ ಜೊನಾಥನ್ ಸೆಸ್ಲರ್ ಇದಕ್ಕೆ ಮತ್ತೆ ಜೀವ ತುಂಬಿದರು. ಧನ ವಿದ್ಯುದಂಶ ಪಡೆದ ಸಫೈರಿನ್ ತನ್ನ ಹೊಟ್ಟೆಯಲ್ಲಿ ಫ್ಲೋರೈಡ್ ಅಯಾನನ್ನು ಹಿಡಿದಿಡುವುದನ್ನು ಅವರ ತಂಡ ತೋರಿಸಿತು.

ಕಾನ್ಪುರದ ತಂಡ ಇಲ್ಲಿ ಎರಡು ತೀರ್ಮಾನ ಮಾಡಿತು. ಮುಂದಿನದೆಲ್ಲ ಬೆಳೆದದ್ದು ಆ ಎರಡರಿಂದ. ಮೊದಲನೆಯದು, ಮೀಸೊ ಸ್ಥಾನದಲ್ಲಿ ಅರೈಲ್ (ಬೆಂಜೀನ್ ಬಗೆಯ) ಗುಂಪುಗಳನ್ನು ಇಡುವುದು. ಆಗ ಪಿರೋಲ್, ಬೆಂಜಾಲ್ಡಿಹೈಡ್‌ಗಳಂಥ ಅಂಗಡಿಯಲ್ಲಿ ಸಿಗುವ ವಸ್ತುಗಳಿಂದಲೇ ಶುರು ಮಾಡಬಹುದು. ಎರಡನೆಯದು, ಒಳಗಿನ ಕೆಲವು ಸಾರಜನಕಗಳ ಜಾಗದಲ್ಲಿ ಗಂಧಕ, ಆಮ್ಲಜನಕ ಅಥವಾ ಸೆಲೆನಿಯಂ ಇಡುವುದು, ಅಂದರೆ ಪಿರೋಲ್ ಬದಲು ಥಯೋಫೀನ್, ಫ್ಯೂರಾನ್ ಅಥವಾ ಸೆಲೆನೊಫೀನ್ ಬಳಸುವುದು. ಇದಕ್ಕೆ ಒಳಮೈ ಮಾರ್ಪಾಡು ಎನ್ನುತ್ತಾರೆ. ಮೂರು ವರ್ತುಲಗಳ ಒಂದು ತುಂಡನ್ನು ಮೊದಲು ಕಟ್ಟಿ, ಅದನ್ನು ಇನ್ನೊಂದು ತುಂಡಿನ ಜತೆ ಆಮ್ಲದ ಸಮ್ಮುಖದಲ್ಲಿ ಬೆಸೆದು, ಕ್ಲೋರಾನಿಲ್‌ನಿಂದ ಉತ್ಕರ್ಷಿಸುವುದು ಕ್ರಮ. ಆಮ್ಲದ ಪ್ರಮಾಣ ಬದಲಾದರೆ ಸಿಗುವ ವಸ್ತುವೂ ಬದಲಾಗುತ್ತಿತ್ತು. ಒಂದೇ ಪಾತ್ರೆಯಿಂದ ಹಲವು ವರ್ತುಲಗಳು ಬರುತ್ತಿದ್ದವು. ಅಲ್ಯೂಮಿನಾ ತುಂಬಿದ ಗಾಜಿನ ಕಂಬದಲ್ಲಿ ಹಸುರು, ನೇರಳೆ, ನೀಲಿ ಪಟ್ಟಿಗಳಾಗಿ ಇಳಿಯುವ ಅವನ್ನು ಒಂದೊಂದಾಗಿ ಹಿಡಿದು ಬೇರ್ಪಡಿಸಬೇಕು. ಪಟ್ಟಿ ಕಂಡರೆ ಸಾಲದು, ಅದು ಯಾವ ಅಣು ಎಂದು ಸಾಬೀತಾಗಬೇಕು. ಅದಕ್ಕೆ ಹರಳು ಬೇಕು. ಇಂಥ ಬಾಗುವ, ತಿರುಚುವ ಅಣುಗಳು ಹರಳಾಗುವುದು ಸುಲಭವಲ್ಲ.

1999 ಈ ತಂಡಕ್ಕೆ ಸುಗ್ಗಿಯ ವರ್ಷ. ನಾರಾಯಣನ್, ಶ್ರೀದೇವಿ ಮೊದಲಾದ ವಿದ್ಯಾರ್ಥಿಗಳೊಡನೆ ಬರೆದ ಪ್ರಬಂಧಗಳಲ್ಲಿ ಮೀಸೊ ಅರೈಲ್ ಇರುವ ಮಾರ್ಪಟ್ಟ ಸಫೈರಿನ್, ರೂಬೈರಿನ್‌ಗಳ ರಚನೆಯೂ, ಸ್ಥಿರವಾಗಿ ನಿಲ್ಲುವ ಆಕ್ಸಾಸ್ಮಾರಗ್ಡೈರಿನ್‌ಗಳ ಮೊದಲ ಉದಾಹರಣೆಗಳೂ ಬಂದವು. ಮೂವತ್ತು ವರ್ಷಗಳಿಂದ ಹಿಡಿತಕ್ಕೆ ಸಿಗದಿದ್ದ ಸ್ಮಾರಗ್ಡೈರಿನ್ ಒಂದು ಆಮ್ಲಜನಕದ ಬದಲಾವಣೆಯಿಂದ ಬಾಟಲಿಯಲ್ಲಿ ಉಳಿಯುವ ವಸ್ತುವಾಯಿತು. ಈ ಲೇಖನ ಹೇಳುವ ಸಾಧನೆಗಳಲ್ಲಿ ಅತ್ಯಂತ ಮುಖ್ಯವಾದದ್ದು ಇದೇ. ಏಕೆಂದರೆ ಕೈಯಲ್ಲಿ ನಿಲ್ಲುವ ವಸ್ತು ಸಿಕ್ಕಿದ ಮೇಲೆ ಉಳಿದ ಪ್ರಶ್ನೆಗಳನ್ನು ಕೇಳಲು ದಾರಿಯಾಯಿತು.

ಇಂಥ ಒಂದು ಪ್ರಶ್ನೆ ಲೋಹದ್ದು. ಸ್ಮಾರಗ್ಡೈರಿನ್‌ಗೆ ರೋಡಿಯಂ ಸೇರಿಸಿದಾಗ ಆ ಲೋಹ ನಡುವಿನ ಕುಳಿಯಲ್ಲಿ ಕೂರಲಿಲ್ಲ. ಎರಡು ಸಾರಜನಕಗಳನ್ನು ಮಾತ್ರ ಹಿಡಿದುಕೊಂಡು, ಉಳಿದ ಎರಡು ಕೈಗಳಲ್ಲಿ ಎರಡು ಕಾರ್ಬನ್ ಮೊನಾಕ್ಸೈಡ್ ಅಣುಗಳನ್ನು ಹಿಡಿಯಿತು. ರೋಡಿಯಂ ಇಂಗಾಲಕ್ಕೆ ನೇರ ಬೆಸೆದಿರುವುದರಿಂದ ಇದು ಆರ್ಗ್ಯಾನೊಮೆಟಾಲಿಕ್ ವಸ್ತು. ಮುಂದೆ ರಜನೀಶ್ ಮಿಶ್ರಾ ಮೊದಲಾದವರ ಜತೆ ಸ್ಮಾರಗ್ಡೈರಿನ್‌ಗೆ ಫೆರೊಸೀನ್ ಜೋಡಿಸಿದ ಅಣುಗಳೂ ಬಂದವು. ಎರಡು ಇಂಗಾಲದ ಐದರ ವರ್ತುಲಗಳ ನಡುವೆ ಕಬ್ಬಿಣ ಇರುವ ಫೆರೊಸೀನ್ 1951ರಿಂದ ಈ ಶಾಸ್ತ್ರದ ಮೂಲಮಾದರಿ. ಅದು ಎಲೆಕ್ಟ್ರಾನ್ ಕೊಡುವುದರಲ್ಲಿ ಉದಾರಿ, ಸ್ಮಾರಗ್ಡೈರಿನ್ ಬೆಳಕು ಹೀರುವುದರಲ್ಲಿ ಸಮರ್ಥ. ಎರಡೂ ಕೂಡಿದಾಗ ಎಲೆಕ್ಟ್ರಾನ್‌ಗಳು ಒಂದರಿಂದ ಇನ್ನೊಂದಕ್ಕೆ ಎಷ್ಟರಮಟ್ಟಿಗೆ ಮಾತಾಡುತ್ತವೆಂದು ನೋಡುವುದು ಉದ್ದೇಶ.

2001ರಲ್ಲಿ ವಿ. ಜಿ. ಆನಂದ್ ಮೊದಲ ಲೇಖಕರಾಗಿದ್ದ ಪ್ರಬಂಧ 34 ಪೈ ಎಲೆಕ್ಟ್ರಾನ್‌ಗಳ ಆಕ್ಟಾಫಿರಿನ್‌ನ ಹರಳಿನ ರಚನೆ ಕೊಟ್ಟಿತು. ಎಂಟು ಸಣ್ಣ ವರ್ತುಲ ಸೇರಿದ ಅಣು ಎಂಟರ ಅಂಕಿಯಂತೆ ತಿರುಚಿಕೊಳ್ಳುವುದೇ ಅಲ್ಲಿಯವರೆಗಿನ ಸಾಮಾನ್ಯ ಅನುಭವ. ತಿರುಚಿದರೆ ಆರೋಮ್ಯಾಟಿಕ್ ಗುಣ ಕೆಡುತ್ತದೆ. ಈ ಅಣು ಮಾತ್ರ ಚಪ್ಪಟೆಯಾಗಿ, ಆರೋಮ್ಯಾಟಿಕ್ ಆಗಿ ನಿಂತಿತ್ತು. ಅದರ ಕೆಲವು ವರ್ತುಲಗಳು ಮಗುಚಿಕೊಂಡು, ಗಂಧಕದಂಥ ಪರಮಾಣುಗಳ ಮುಖವನ್ನು ಹೊರಗೆ ಮಾಡಿದ್ದವು. ಇದನ್ನು ದ್ರಾವಣದಲ್ಲಿ ಪತ್ತೆ ಹಚ್ಚುವ ಸಾಧನ ಎನ್‌ಎಂಆರ್ (ಪರಮಾಣು ಕಾಂತೀಯ ಅನುರಣನ). ಆರೋಮ್ಯಾಟಿಕ್ ವರ್ತುಲದ ಒಳಗೆ ಸಿಕ್ಕಿದ ಹೈಡ್ರೋಜನ್‌ನ ಸಂಕೇತ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಸಾಧಾರಣ ಟೆಟ್ರಾಫಿನೈಲ್ ಪಾರ್ಫಿರಿನ್‌ನಲ್ಲೇ ಒಳಗಿನ ಎನ್-ಎಚ್ ಮೈನಸ್ 2.8ರ ಹತ್ತಿರ ಕಾಣುತ್ತದೆ. ಮಗುಚಿದ ಥಯೋಫೀನ್‌ನ ಹೈಡ್ರೋಜನ್‌ಗಳೂ ಹೀಗೆ ಕೆಳಗಿಳಿದು ತಮ್ಮ ಜಾಗ ಬಿಟ್ಟುಕೊಡುತ್ತವೆ.

ಈ ಕೆಲಸ ಒಂದೇ ಕಟ್ಟಡದಲ್ಲಿ ಮುಗಿಯಲಿಲ್ಲ ಎಂಬುದನ್ನು ಹೇಳಲೇಬೇಕು. ಪ್ರಬಂಧಗಳ ಲೇಖಕರ ಪಟ್ಟಿಯಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದ ರಾಜಾ ರಾಯ್, ಬಿ. ಎಸ್. ಜೋಶಿ, ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಕರಿನ್ ರೂಲಾಂಟ್-ಸೆಂಗೆ ಇದ್ದಾರೆ. ಎನ್‌ಎಂಆರ್ ಒಂದು ಊರಿನಲ್ಲಿ, ಎಕ್ಸ್-ಕಿರಣ ಇನ್ನೊಂದು ದೇಶದಲ್ಲಿ. ಆ ಕಾಲದ ಭಾರತೀಯ ರಸಾಯನವಿಜ್ಞಾನಿ ಒಂದು ಅಣುವನ್ನು ಸಾಬೀತುಪಡಿಸಲು ಎಷ್ಟು ಬಾಗಿಲು ತಟ್ಟಬೇಕಿತ್ತೆಂದು ಆ ಪಟ್ಟಿಯೇ ಹೇಳುತ್ತದೆ.

ಉಪಯೋಗದ ಪ್ರಶ್ನೆ ಸಹಜ. ವರ್ತುಲ ಹಿಗ್ಗಿದಂತೆ ಹೀರುವ ಬೆಳಕು ಕೆಂಪು ಮತ್ತು ಅವಕೆಂಪಿನ ಕಡೆಗೆ ಸರಿಯುತ್ತದೆ. ಸುಮಾರು 650ರಿಂದ 850 ನ್ಯಾನೊಮೀಟರ್ ಬೆಳಕು ಮೈಯೊಳಗೆ ಹೆಚ್ಚು ಆಳಕ್ಕೆ ಇಳಿಯುವುದರಿಂದ, ಬೆಳಕಿನಿಂದ ಆಮ್ಲಜನಕವನ್ನು ಕೆರಳಿಸಿ ಗಡ್ಡೆಯ ಕೋಶಗಳನ್ನು ಕೊಲ್ಲುವ ಚಿಕಿತ್ಸೆಗೆ ಇಂಥ ಅಣುಗಳು ಬೇಕು. ಪಾರ್ಫಿರಿನ್‌ನಿಂದ ಮಾಡಿದ ಫೋಟೊಫ್ರಿನ್‌ಗೆ 1993ರಲ್ಲಿ ಕೆನಡಾದಲ್ಲಿ ಮೊದಲ ಒಪ್ಪಿಗೆ ಸಿಕ್ಕಿತ್ತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ತಂಡ ಫೆರೊಸೀನ್ ಸೇರಿದ ಲೋಹಸಂಯುಕ್ತಗಳಿಂದ ಇದೇ ಚಿಕಿತ್ಸೆಯ ದಾರಿಯನ್ನು ಬೇರೆ ಬಗೆಯಲ್ಲಿ ಹುಡುಕಿತು. ಇನ್ನೊಂದು ಗುಣ, ಏಕಕಾಲಕ್ಕೆ ಎರಡು ಫೋಟಾನ್ ಹೀರುವುದು. ಹರಪ್ರಿಯಾ ರಥ್ ಮೊದಲ ಲೇಖಕಿಯಾಗಿ, ದೇಬಬ್ರತ ಗೋಸ್ವಾಮಿಯವರ ಲೇಸರ್ ಅಳತೆಗಳೊಡನೆ 2005ರಲ್ಲಿ ಬಂದ ಪ್ರಬಂಧ, ವರ್ತುಲ ದೊಡ್ಡದಾದಷ್ಟೂ ಆರೋಮ್ಯಾಟಿಕ್ ಆಗಿ ಉಳಿದರೆ ಈ ಶಕ್ತಿ ಬಹಳ ಹೆಚ್ಚುವುದನ್ನು ತೋರಿಸಿತು.

ಉಲ್ಲೇಖಗಳ ತೂಕ

ಒಬ್ಬರ ಪ್ರಬಂಧವನ್ನು ಇತರರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆಂಬ ಎಣಿಕೆ ಇಂದು ವಿಜ್ಞಾನಿಯ ಅಳತೆಗೋಲಾಗಿದೆ. ಇದಕ್ಕೆ ಅಡಿಪಾಯ ಹಾಕಿದವರು ಯೂಜೀನ್ ಗಾರ್ಫೀಲ್ಡ್. 1955ರಲ್ಲಿ ಯೋಚನೆ ಮುಂದಿಟ್ಟು, 1964ರಲ್ಲಿ ಉಲ್ಲೇಖಸೂಚಿಯನ್ನು ಹೊರತಂದರು. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಎಚ್-ಸೂಚ್ಯಂಕ ಕೊಟ್ಟರು: ಯಾರದಾದರೂ ಸೂಚ್ಯಂಕ 40 ಎಂದರೆ, ಅವರ 40 ಪ್ರಬಂಧಗಳು ತಲಾ ಕನಿಷ್ಠ 40 ಸಲ ಉಲ್ಲೇಖಗೊಂಡಿವೆ ಎಂದರ್ಥ. ಲೆಕ್ಕ ಸುಲಭ, ಅದಕ್ಕೇ ಎಲ್ಲ ಆಯ್ಕೆ ಸಮಿತಿಗಳಿಗೂ ಅದು ಪ್ರಿಯ.

ಚಂದ್ರಶೇಖರ್ ಅವರ ಬರಹಗಳಲ್ಲಿ ವಿಮರ್ಶಾ ಲೇಖನಗಳನ್ನು ವಿಶೇಷವಾಗಿ ನೋಡಬೇಕು. 1995ರಲ್ಲಿ ಎಂ. ರವಿಕಾಂತ್ ಜತೆ ಬಾಗಿದ ಪಾರ್ಫಿರಿನ್‌ಗಳ ಬಗ್ಗೆ, 2003ರಲ್ಲಿ ವೆಂಕಟರಾಮನ್ ಜತೆ ಒಳಮೈ ಮಾರ್ಪಟ್ಟ ಹಿಗ್ಗಿದ ಪಾರ್ಫಿರಿನ್‌ಗಳ ಬಗ್ಗೆ, 2008ರಲ್ಲಿ ಮಿಶ್ರಾ ಜತೆ ಅವುಗಳ ಆಕಾರವೈವಿಧ್ಯದ ಬಗ್ಗೆ ಬರೆದರು. ಕೊನೆಯ ಎರಡೂ ಬಂದದ್ದು ‘ಅಕೌಂಟ್ಸ್ ಆಫ್ ಕೆಮಿಕಲ್ ರಿಸರ್ಚ್’ ಪತ್ರಿಕೆಯಲ್ಲಿ. ಸಾಮಾನ್ಯವಾಗಿ ವಿಮರ್ಶಾ ಲೇಖನಗಳಿಗೆ ಮೂಲ ಪ್ರಬಂಧಗಳಿಗಿಂತ ಹೆಚ್ಚು ಉಲ್ಲೇಖ ಬೀಳುತ್ತದೆ. ಹೊಸಬರು ಮುನ್ನುಡಿಯಲ್ಲಿ ಒಂದನ್ನು ಹೆಸರಿಸಿ ಮುಂದೆ ಹೋಗುತ್ತಾರೆ. ಅಣುವನ್ನು ಮೊದಲು ಕಟ್ಟಿದ ವಿದ್ಯಾರ್ಥಿಯ ಪ್ರಬಂಧ ಹಿಂದೆ ಉಳಿಯುತ್ತದೆ. ಉಲ್ಲೇಖದ ಅಂಕಿ ಓದುವವರು ಇದನ್ನು ಮರೆಯಬಾರದು.

ಕ್ಷೇತ್ರದ ಗಾತ್ರವೂ ಅಷ್ಟೇ ಮುಖ್ಯ. ಬೆಂಗಳೂರಿನವರೇ ಆದ ಸಿ. ಎನ್. ಆರ್. ರಾವ್ 1,500ಕ್ಕೂ ಹೆಚ್ಚು ಪ್ರಬಂಧ ಪ್ರಕಟಿಸಿದವರು, ಎಚ್-ಸೂಚ್ಯಂಕ ನೂರನ್ನು ದಾಟಿದವರು. ಘನಸ್ಥಿತಿ ಮತ್ತು ನ್ಯಾನೊ ವಸ್ತುಗಳ ಕ್ಷೇತ್ರ ವಿಶಾಲ; ಅಲ್ಲಿ ಭೌತವಿಜ್ಞಾನಿ, ಎಂಜಿನಿಯರ್ ಎಲ್ಲರೂ ಓದುಗರು. ಹಿಗ್ಗಿದ ಪಾರ್ಫಿರಿನ್ ಕಟ್ಟುತ್ತಿದ್ದುದು ಜಗತ್ತಿನಲ್ಲಿ ಕೆಲವೇ ತಂಡಗಳು: ಟೆಕ್ಸಾಸಿನ ಸೆಸ್ಲರ್, ಕ್ಯೋಟೊದ ಒಸುಕ, ಪೋಲೆಂಡಿನ ಲಾಟೊಸ್-ಗ್ರಾಜಿನ್‌ಸ್ಕಿ, ಇವರ ಸಾಲಿನಲ್ಲಿ ಕಾನ್ಪುರ. ಇಲ್ಲಿ ಬೀಳುವ ಒಂದೊಂದು ಉಲ್ಲೇಖದ ಹಿಂದೆಯೂ ಆ ಅಣುವನ್ನು ನಿಜಕ್ಕೂ ಓದಿದವರು ಇರುವ ಸಾಧ್ಯತೆ ಹೆಚ್ಚು. ಎರಡು ಕ್ಷೇತ್ರಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಇಬ್ಬರಿಗೂ ಅನ್ಯಾಯ. ಪತ್ರಿಕೆಯ ಅಂಕದಿಂದ ವಿಜ್ಞಾನಿಯನ್ನು ಅಳೆಯಬೇಡಿ ಎಂದು 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿದ್ದೂ ಇದೇ ಕಾರಣಕ್ಕೆ.

ಎಣಿಕೆಗೆ ಸಿಗದ ಪ್ರಭಾವ ಶಿಷ್ಯರದು. ರವಿಕಾಂತ್ ಮುಂಬಯಿಯ ಐಐಟಿಯಲ್ಲಿ, ಆನಂದ್ ಪುಣೆಯ ಐಸರ್‌ನಲ್ಲಿ, ಮಿಶ್ರಾ ಇಂದೋರಿನ ಐಐಟಿಯಲ್ಲಿ, ಎ. ಶ್ರೀನಿವಾಸನ್ ಭುವನೇಶ್ವರದಲ್ಲಿ, ಹರಪ್ರಿಯಾ ರಥ್ ಕೋಲ್ಕತ್ತದಲ್ಲಿ ತಮ್ಮದೇ ತಂಡ ಕಟ್ಟಿದರು. ಆನಂದ್ ಗುರುವಿನ ಆರೋಮ್ಯಾಟಿಕ್ ದಾರಿ ಬಿಟ್ಟು ತದ್ವಿರುದ್ಧವಾದ, 20 ಪೈ ಎಲೆಕ್ಟ್ರಾನ್‌ಗಳ ಐಸೊಫ್ಲೋರಿನ್‌ಗಳ ಕಡೆ ಹೋದರು. ಭಾರತದಲ್ಲಿ ಇಂದು ಪಾರ್ಫಿರಿನ್ ಕೆಲಸ ನಡೆಯುವ ಹಲವು ಪ್ರಯೋಗಾಲಯಗಳ ಮೂಲ ಹುಡುಕುತ್ತಾ ಹೋದರೆ ಕಾನ್ಪುರಕ್ಕೂ, ಅಲ್ಲಿಂದ ಬೆಂಗಳೂರಿನ ಕೃಷ್ಣನ್ ಅವರ ಪ್ರಯೋಗಾಲಯಕ್ಕೂ ಬಂದು ನಿಲ್ಲುತ್ತೇವೆ.

ಈ ವಿಷಯದಲ್ಲಿ ಮುಂದೆ ಓದಬಯಸುವ ಎಂ.ಎಸ್‌ಸಿ. ವಿದ್ಯಾರ್ಥಿಗಳು ಚಂದ್ರಶೇಖರ್ ಅವರ ಉಲ್ಲೇಖಸಂಖ್ಯೆಯನ್ನು ಹುಡುಕುವ ಮೊದಲು 1999ರ ಸ್ಮಾರಗ್ಡೈರಿನ್ ಪ್ರಬಂಧವನ್ನೂ 2001ರ ಆಕ್ಟಾಫಿರಿನ್ ಪ್ರಬಂಧವನ್ನೂ ಹರಳಿನ ಚಿತ್ರಗಳ ಸಮೇತ ಓದಲಿ; 2003ರ ವಿಮರ್ಶಾ ಲೇಖನವನ್ನು ಆಮೇಲೆ ತೆರೆಯಲಿ.